ಅಣ್ಣನ ಕಾರಿನಡಿಯ ಹನ್ನೆರಡು ನೀಲಿ ಬೊಟ್ಟು

೧೯೮೭, ಫೆಬ್ರವರಿ ೮, ಭಾನುವಾರ. ಬೆಳಿಗ್ಗೆ ಐದೂವರೆ. ವಿಜಯನಗರದ ನಮ್ಮ ಮನೆಯ ಮುಂದೆ ಗೋಣಿಚೀಲ ಹಾಸಿ, ಅಣ್ಣನ ಕಾರಿನ ಹಿಂಭಾಗದ ಕೆಳಗೆ ಮಲಗಿ ಬೊಟ್ಟಿಡಲು ಶುರುಮಾಡಿದೆ.

ಅಣ್ಣ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಟರ್ನರ್. ಅವನದು ಎರಡು ಬಾಗಿಲಿನ ಹಳೆಯ ಸ್ಪೋರ್ಟ್ಸ್ ಕಾರು. ಮುಂದಿನ ಭಾನುವಾರ ಅದನ್ನು ರೇಸಿಗೆ ಒಯ್ಯುವವನಿದ್ದ. ವೇಗ ಎಂಬತ್ತು ದಾಟಿದರೆ ಹಿಂಬದಿ ಹಗುರಾಗಿ ತೇಲುತ್ತದೆ ಎಂದು ಅವನೇ ಒಮ್ಮೆ ಬಾಯಿಬಿಟ್ಟಿದ್ದ. ಅಂದಿನಿಂದ ನನಗೆ ಊಟ ಸೇರುತ್ತಿರಲಿಲ್ಲ.

ಅದಕ್ಕೆ ಮದ್ದೆಂದು ಅವನು ಮಾಡಿದ್ದು ಡಿಫ್ಯೂಸರ್: ಹಿಂದಿನ ಚಕ್ರಗಳಿಂದ ಬಂಪರಿನವರೆಗೆ ಕೆಳಗಡೆ ಓರೆಯಾಗಿ ಮೇಲೇರುವ ತಗಡು. ಕಾರಿನಡಿ ನುಗ್ಗಿದ ಗಾಳಿ ಈ ಓರೆಯಲ್ಲಿ ಮೆಲ್ಲಗೆ ಹರಡಿ ಹೊರಬಿದ್ದರೆ, ಅಡಿಯಲ್ಲಿ ಒತ್ತಡ ಕಡಿಮೆಯಾಗಿ ಕಾರು ನೆಲಕ್ಕೆ ಅಂಟಿಕೊಳ್ಳುತ್ತದೆ. ಗಾಳಿ ಕಣ್ಣಿಗೆ ಕಾಣದಲ್ಲ. ಹಾಗಾಗಿ ನಾನು ತಗಡಿಗೆ ಬಿಳಿ ಬಣ್ಣ ಬಳಿದು, ಬಟ್ಟೆಗೆ ಹಾಕುವ ನೀಲಿಯನ್ನು ಹರಳೆಣ್ಣೆಯಲ್ಲಿ ಕಲಸಿ ಹನ್ನೆರಡು ಬೊಟ್ಟಿಡುತ್ತಿದ್ದೆ. ಅಣ್ಣ ಕೆಂಗೇರಿಯವರೆಗೆ ಓಡಿಸಿಕೊಂಡು ಬಂದಮೇಲೆ ಲೆಕ್ಕ. ಗಾಳಿ ತಗಡನ್ನು ಸವರಿಕೊಂಡು ಹೋದಲ್ಲಿ ಬೊಟ್ಟು ಗೆರೆಯಾಗಿ ಎಳೆದಿರುತ್ತಿತ್ತು. ಹಿಂದಿನ ವಾರ ಹನ್ನೆರಡರಲ್ಲಿ ಹತ್ತು ಗೆರೆ ಎಂದು ನನ್ನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೆ.

ಆದರೆ ನಮ್ಮ ರಸ್ತೆಯ ಉಬ್ಬಿಗೆ ತಗಡು ಉಜ್ಜಿತು. ಶನಿವಾರ ಅಣ್ಣ ಅದನ್ನು ಇನ್ನಷ್ಟು ಮೇಲಕ್ಕೆ ಬಗ್ಗಿಸಿದ. "ರೋಡ್ ಹಂಪೂ ತಾಗಲ್ಲ, ನೆಲಕ್ಕೆ ಎಳೆತಾನೂ ಜಾಸ್ತಿ. ಎರಡೂ ಆಯ್ತು ಕಣೇ!"

ಆ ಭಾನುವಾರ ಅವನು ಬಂದಮೇಲೆ ನೋಡಿದರೆ ಮೂರೇ ಗೆರೆ. ಉಳಿದ ಒಂಬತ್ತು ಬೊಟ್ಟು ಇದ್ದಲ್ಲೇ ಕಲಸಿಹೋಗಿದ್ದವು. ಓರೆ ಕಡಿದಾಗಿದೆ, ಗಾಳಿ ತಗಡನ್ನು ಬಿಟ್ಟು ಸುಳಿ ಸುತ್ತುತ್ತಿದೆ ಎಂದೆ.

"ಬೊಟ್ಟು ನೋಡ್ಕೊಂಡು ಕೂರೋಕೆ ಇದೇನು ಹೆಣ್ಣು ನೋಡೋ ಶಾಸ್ತ್ರಾನಾ?"

"ನಗಬೇಡ ಅಣ್ಣ. ದಾರೀಲಿ ಏನಾಯ್ತು, ನಿಜ ಹೇಳು."

ಅವನು ಬಗ್ಗಿ ಆ ಒಂಬತ್ತು ಬೊಟ್ಟುಗಳನ್ನು ನೋಡಿದ. "ಕೆಂಗೇರಿ ತಿರುವಲ್ಲಿ ಹಿಂದುಗಡೆ ಜಾರ್ತು. ಅಮ್ಮಂಗೆ ಹೇಳ್ಬೇಡ. ಎಲ್ಲಿ, ಆ ನಿನ್ ಪುಸ್ತಕ ತೋರ್ಸು" ಎಂದ.

ಅಂದೇ ತಗಡನ್ನು ಹಳೆಯ ಓರೆಗೆ ತಂದೆವು. ಉಬ್ಬು ದಾಟುವಾಗ ನಾನು ಮುಂದೆ ನಡೆದು ಎರಡೂ ಕಡೆ ಚಕ್ರಗಳಡಿಗೆ ಹಲಗೆ ಇಡುವುದೆಂದಾಯಿತು. ಬುಧವಾರ ಮತ್ತೆ ಹತ್ತು ಗೆರೆ. ಅಣ್ಣ ರೇಸಿಗೆ ಹೋಗಿ, ಕೊನೆಯಿಂದ ಎರಡನೆಯವನಾಗಿ, ನೆಟ್ಟಗೆ ಮನೆಗೆ ಬಂದ.

ಆದರೂ ನನ್ನ ಅಳುಕು ಹೋಗಿಲ್ಲ. ಗೆರೆ ತೋರಿಸುವುದು ಗಾಳಿಯ ದಾರಿಯನ್ನಷ್ಟೇ. ಹಿಂದಿನ ಚಕ್ರಗಳ ಮೇಲೆ ಭಾರ ಎಷ್ಟು ಬಿತ್ತೆಂದು ಅದು ಹೇಳುವುದಿಲ್ಲ. ಅಣ್ಣ ಇನ್ನೂ ಅದೇ ಕಾರನ್ನು ಓಡಿಸುತ್ತಿದ್ದಾನೆ. ಓಡುವ ಕಾರಿನಲ್ಲಿ ಆ ಭಾರವನ್ನು ಅಳೆಯುವ ಬಗೆ ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಒಂದು ಕಾರ್ಡು ಬರೆದು ಹಾಕಿ.