ಮಹಾಲಿಂಗನ ಮೀಸೆ, ಮರಿಮಲ್ಲಪ್ಪನ ಅಂಬಾಸಿಡರ್

ಗುಂಡ್ಲುಪೇಟೆಯ ಮೆಕ್ಯಾನಿಕ್ ಮಹಾಲಿಂಗನಿಗೆ ಎರಡೇ ಆಸ್ತಿ: ಒಂದು ಅವನ ಮೀಸೆ, ಇನ್ನೊಂದು ಅವನ ಮಾತು. ಮೀಸೆಗೆ ಮೂವತ್ತು ವರ್ಷ. ಅದರ ಕೆಳಗೆ ಬಾಯಿ ಎಲ್ಲಿದೆ ಎಂದು ಗೊತ್ತಾಗಬೇಕಾದರೆ ಅವನು ಮಾತಾಡಬೇಕು; ಅದಕ್ಕೇನೂ ಕೊರತೆಯಿರಲಿಲ್ಲ. "ನಾನು ಕೈ ಹಾಕಿದ ಕಾರ್ಬೊರೇಟರ್ನ ಎರಡ್ನೇ ಸಲ ಬಿಚ್ಚಿದ್ರೆ ಮೀಸೆ ಬೋಳಿಸ್ಕತೀನಿ ಕಣ್ಲಾ" ಎಂದು ದಿನಕ್ಕೊಮ್ಮೆ ಹೇಳದಿದ್ದರೆ ಅವನಿಗೆ ಟೀ ಇಳಿಯುತ್ತಿರಲಿಲ್ಲ. ಊರು ಅದನ್ನು ಮರೆತಿರಲಿಲ್ಲ. ಇಂಥದ್ದನ್ನೆಲ್ಲ ಊರು ಎಲ್ಲಿ ಮರೆಯುತ್ತದೆ!

ಬೇಗೂರಿನ ಮರಿಮಲ್ಲಪ್ಪ ತನ್ನ ಅಪ್ಪನ ಕಾಲದ ಅಂಬಾಸಿಡರ್ ತಂದು ನಿಲ್ಲಿಸಿದ. ಮಹಾಲಿಂಗ ಮೂರು ದಿನ ಕೂತು ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಜೆಟ್ಟು, ವಾಷರು ಎಲ್ಲ ಹೊಸದು ಹಾಕಿ ಕೂರಿಸಿದ. ಎಂಜಿನ್ ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು. ಇನ್ನು ಪೂಜೆ. ಏರ್ ಫಿಲ್ಟರಿನಿಂದ ಮುಂದೆ ಚಾಚಿಕೊಂಡ ಗಾಳಿ ಕೊಳವೆ ಅವನ ಕಣ್ಣಿಗೆ ಸಾಕ್ಷಾತ್ ಗಣಪನ ಸೊಂಡಿಲು. ಅದಕ್ಕೊಂದು ಹೂ ಮುಡಿಸದೆ ಯಾವ ಗಾಡಿಯನ್ನೂ ಅವನು ಬಿಟ್ಟವನಲ್ಲ. ಯಾವಾಗಲೂ ಒಂದು ಮಲ್ಲಿಗೆ. ಅವತ್ತು ಮರಿಮಲ್ಲಪ್ಪನ ತಾಯಿ ಮಲ್ಲಾಜಮ್ಮ ತಮ್ಮ ಹೊಲದ ಮುಷ್ಟಿಗಾತ್ರದ ಚೆಂಡುಹೂ ಕೊಟ್ಟಳು.

ಗೋಪಾಲಸ್ವಾಮಿ ಬೆಟ್ಟದ ಬುಡದವರೆಗೆ ಓಡಿಸಿ ನೋಡೋಣವೆಂದು ಮೂವರೂ ಹೊರಟರು. ಹಂಗಳ ದಾಟಿದ್ದೇ ತಡ, ಕಾರು ಕೆಮ್ಮಿತು, ಕರಿ ಹೊಗೆ ಉಗುಳಿತು, ಏರಿನಲ್ಲಿ ನಿಂತೇಬಿಟ್ಟಿತು.

ಮಹಾಲಿಂಗ ಪ್ಲಗ್ಗು ನೋಡಿದ, ಪಾಯಿಂಟು ಉಜ್ಜಿದ, ಪೆಟ್ರೋಲ್ ಪೈಪು ಊದಿದ. ಎಲ್ಲ ಸರಿ. ಇನ್ನು ಉಳಿದದ್ದು ಒಂದೇ. ಅವನ ಕೈ ತಾನಾಗಿ ಮೀಸೆಗೆ ಹೋಯಿತು.

"ಅಣ್ಣಾ, ನೀವು ವಸಿ ಆ ಕಡಿಕ್ ತಿರುಕ್ಕಳಿ."

"ಯಾಕ್ಲಾ?"

"ಸುಮ್ಕೆ. ಆನೆ ಬಂದ್ರೂ ಬಂದಾತು, ನೋಡ್ತಿರಿ."

ಮರಿಮಲ್ಲಪ್ಪ ಕಾಡಿನ ಕಡೆ ತಿರುಗಿದ. ಮಹಾಲಿಂಗ ಫಿಲ್ಟರ್ ತೆಗೆದಿಟ್ಟು, ಕಾರ್ಬೊರೇಟರ್ ಬಿಚ್ಚಿ, ಊದಿ, ಮತ್ತೆ ಕೂರಿಸಿ ಸ್ಟಾರ್ಟ್ ಮಾಡಿದ. ಗುರುಗುರು! ಮೀಸೆ ತಿರುವಿ ಫಿಲ್ಟರ್ ಹಾಕಿದ. ಕೆಮ್ಮು, ಹೊಗೆ. ಮತ್ತೆ ಬಿಚ್ಚಿದ, ಮತ್ತೆ ಹಾಕಿದ. ಮೂರು ಸಲವೂ ಅದೇ ಕತೆ.

"ಈ ಫಿಲ್ಟರ್ ಟೋಪಿ ಹಾಕುದ್ರೆ ಮುನುಸ್ಕತದೆ ಕಣಣ್ಣ" ಎಂದ, ಸೋತ ದನಿಯಲ್ಲಿ. "ಸೆಕೆ ಆಯ್ತದೇನೋ."

ಹಿಂದಿನ ಸೀಟಿನಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಮಲ್ಲಾಜಮ್ಮ ಕೇಳಿದಳು: "ಮಾಲಿಂಗ, ನಾನು ಕೊಟ್ಟ ಹೂವ ಎಲ್ಲಪ್ಪಾ?"

"ಸೊಂಡ್ಲಿಗೆ ಮುಡಿಸಿವ್ನಿ ಕಣವ್ವಾ."

"ಮೂಗಿಗೆ ಹೂವ ತುರುಕುದ್ರೆ ಗಣಪ ಉಸ್ರು ಎಲ್ಲಿಂದ ತಕ್ಕಂಡಾನು?"

ಮಹಾಲಿಂಗ ಕೊಳವೆಗೆ ತಂತಿ ತೂರಿಸಿ ಎಳೆದ. ಗಾಳಿಯ ಸೆಳೆತಕ್ಕೆ ಒಳಗೆ ಸರಿದು ಬೆಣೆಯಂತೆ ಸಿಕ್ಕಿಕೊಂಡಿದ್ದ ಚೆಂಡುಹೂ ಈಚೆ ಬಂತು. ಕಾರು ಏರು ಹತ್ತಿದ್ದೇ ಗೊತ್ತಾಗಲಿಲ್ಲ.

"ನಾನೇನೂ ನೋಡಿಲ್ಲ ಬುಡ್ಲಾ" ಎಂದು ಮರಿಮಲ್ಲಪ್ಪ ಸಮಾಧಾನ ಹೇಳಿದ. "ಆನೆ ಕಾಯ್ತಿದ್ದೆ. ಎರಡ್ನೇ ಸಲ ಬಿಚ್ಚಿದ್ದು ಯಾರಿಗ್ ಗೊತ್ತು?"

"ಎರಡ್ನೇದಲ್ಲ, ನಾಕ್ನೇ ಸಲ ಕಣಣ್ಣ" ಎಂದ ಮಹಾಲಿಂಗ. ಅವನಿಗೆ ಅಳುವೇ ಬಂದಿತ್ತು. ಆದರೆ ಎರಡು ಆಸ್ತಿಯಲ್ಲಿ ಒಂದು ಹೋಗಲೇಬೇಕಿತ್ತು, ಅವನು ಮಾತನ್ನು ಉಳಿಸಿಕೊಂಡ.

ಮಾರನೆಯ ದಿನ ಕ್ಷೌರದಂಗಡಿಯಿಂದ ನೇರ ಬೇಗೂರಿನ ಬಸ್ಸು ಹತ್ತಿ, ಮರಿಮಲ್ಲಪ್ಪನ ಮನೆ ಬಾಗಿಲಲ್ಲಿ ನಿಂತ. ಮಲ್ಲಾಜಮ್ಮನಿಗೆ ಗುರುತೇ ಸಿಗಲಿಲ್ಲ.

"ಯಾರಪ್ಪಾ ನೀನು?"

"ಮಾಲಿಂಗ ಕಣವ್ವಾ."

ಮುದುಕಿ ಅವನ ಗದ್ದ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಒಳ್ಳೇದೇ ಆಯ್ತು ಬುಡು" ಎಂದಳು. "ನಿನ್ ಸೊಂಡ್ಲಿಗೂ ಈಗ ವಸಿ ಗಾಳಿ ಆಡ್ತದೆ."