ಅವಸರದ ಶೇಂಗಾ ಉಂಡಿ

ಸ್ಕ್ಯಾನ್ ವರದಿಯ ಮೊದಲ ಸಾಲನ್ನಷ್ಟೇ ಓದಿ ಶೇಂಗಾ ಉಂಡಿ ಕಟ್ಟಿದ ಮನುಷ್ಯನನ್ನು ನೀವು ನೋಡಿಲ್ಲವಾದರೆ, ಗೆಳೆಯರೇ, ಈ ಕೊಲ್ಲಿ ದೇಶದ ಐನ್ ಖಾಲಿದ್ ಬಡಾವಣೆಯಲ್ಲಿರುವ ನನ್ನ ಅಕ್ಕ-ಭಾವನ ಮನೆಗೆ ಬನ್ನಿ. ಪಾಕ ಅಂಟಿದ ಸ್ಟೀಲ್ ಡಬ್ಬಿಯ ಪಕ್ಕದಲ್ಲಿ ನಾನೇ ಸಿಗುತ್ತೇನೆ. ಕೀಮೋದಿಂದ ಅಕ್ಕನ ಎದೆಯ ಗಡ್ಡೆ ಅರ್ಧಕ್ಕರ್ಧ ಕುಗ್ಗಿದೆ ಎಂದಿತ್ತು, ಫೋನಿಗೆ ಬಂದ ವರದಿ. ಅಷ್ಟಕ್ಕೇ ನಾನು ಬೆಲ್ಲವನ್ನು ಕಲ್ಲಾಗುವಷ್ಟು ಕುದಿಸಿ, ಉಂಡಿ ಕಟ್ಟಿ, ಮೆಸಯೀದ್‌ಗೆ ಕೆಲಸಕ್ಕೆ ಹೋಗುವ ಕಂಪನಿ ಬಸ್ಸಿನಲ್ಲಿ ಎಲ್ಲರಿಗೂ ಹಂಚಿ, "ಕ್ಯಾನ್ಸರ್ ಖಲಾಸ್" ಎಂದು ಸಾರಿಬಿಟ್ಟೆ. ಅಂದು ಆ ಬಸ್ಸಿನಲ್ಲಿ ಒಬ್ಬರ ಹಲ್ಲಿಗೂ ನೆಮ್ಮದಿಯಿರಲಿಲ್ಲ.

ಸಂಜೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎರಡನೆಯ ಸಾಲನ್ನು ಓದಿ ಹೇಳಿದರು: ಲಿವರಿಗೆ ಹರಡಿದ್ದ ಗಂಟುಗಳು ಕುಗ್ಗಿಲ್ಲ, ತುಸು ಬೆಳೆದಿವೆ. ಅದೇ ಮೈ, ಅದೇ ಔಷಧ. ಎದೆಯಲ್ಲಿ ಗೆದ್ದದ್ದು ಲಿವರಿನಲ್ಲೇಕೆ ಸೋತಿತು? ಹುಟ್ಟಿದ ಜಾಗ ಬಿಟ್ಟು ಹೊರಟ ಕ್ಯಾನ್ಸರ್ ಜೀವಕೋಶಗಳು ಎಷ್ಟೋ ಸಲ ಬದಲಾಗಿಬಿಟ್ಟಿರುತ್ತವೆ, ಹೊಸ ನೆರೆಹೊರೆಯ ಆಸರೆ ಪಡೆಯುತ್ತವೆ, ಕೆಲವೆಡೆ ಔಷಧ ಸಾಕಷ್ಟು ತಲುಪುವುದೂ ಇಲ್ಲ ಎಂದು ಅವರು ತಾಳ್ಮೆಯಿಂದ ವಿವರಿಸುತ್ತಿದ್ದರೆ ನನಗೆ ನನ್ನದೇ ಚರಿತ್ರೆ ಕೇಳಿದಂತಾಯಿತು. ಬಾಗಲಕೋಟೆಯಲ್ಲಿ ಅವ್ವನ ಒಂದು ನೋಟಕ್ಕೆ ಮುದುಡುತ್ತಿದ್ದವನು, ಇಲ್ಲಿ ಅರಬರ ಕುಬೂಸ್ ರೊಟ್ಟಿ ತಿಂದು, ಅವರಂತೆಯೇ ಮಾತಿಗೊಮ್ಮೆ 'ಯಲ್ಲಾ, ನಡಿ' ಎಂದು, ಈಗ ಅವಳು ಫೋನಿನಲ್ಲಿ ಗುಡುಗಿದರೂ ಜಗ್ಗದ ಭಂಡನಾಗಿದ್ದೇನೆ. ಊರು ಬಿಟ್ಟವನಿಗೆ ಊರಿನ ಬೈಗುಳ ನಾಟುವುದಿಲ್ಲ, ಬೇರೆಯದನ್ನೇ ಹುಡುಕಬೇಕು.

ಆದರೆ ನೆಲೆ ಬದಲಿಸಿ ಗಟ್ಟಿಯಾಗುವ ವಿದ್ಯೆ ಆ ಗಂಟುಗಳಿಗಷ್ಟೇ ಸೇರಿದ ಸ್ವತ್ತೇನು? ಅಕ್ಕನೂ ಊರು ಬಿಟ್ಟು ಬಂದವಳೇ. ಈ ಉಸುಕಿನಲ್ಲಿ ಲಾರಿಗಳ ನಡುವೆ ಕಾರು ಓಡಿಸಲು ಕಲಿತವಳು, ಬಾಲ್ಕನಿಯ ಕುಂಡದಲ್ಲಿ ಹಟಕ್ಕೆ ಬಿದ್ದು ಮೆಂತ್ಯ ಬೆಳೆದವಳು. ಔಷಧ ಬದಲಿಸೋಣ ಎಂದು ಡಾಕ್ಟರಮ್ಮ ಅಂದಾಗ ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಅಕ್ಕ ತಲೆಯ ಸ್ಕಾರ್ಫ್ ಬಿಗಿದುಕೊಂಡು, ಯಾವಾಗಿನಿಂದ ಎಂದಷ್ಟೇ ಕೇಳಿದಳು.

ಮನೆಗೆ ಬಂದವನೇ ಆ ಡಬ್ಬಿಯನ್ನು ಕಣ್ಣಿಗೆ ಬೀಳದಂತೆ ಕಪಾಟಿನ ಮೇಲಕ್ಕೆ ತಳ್ಳತೊಡಗಿದೆ. "ನಾಳೆ ಬಸ್ಸಿನ್ಯಾಗ ಹೆಂಗ ಮುಖ ತೋರಸಲಿ, ಅಕ್ಕಾ?"

"ಅರ್ಧಾ ಗೆದ್ದೀವಿ, ಅರ್ಧಾ ಬಾಕಿ ಐತಿ ಅಂತ ಹೇಳು. ಸುಳ್ಳೇನಲ್ಲ," ಎಂದು ಅಕ್ಕ ಡಬ್ಬಿ ಇಳಿಸಿ ನನ್ನ ಕೈಗಿತ್ತಳು. "ತೊಳದ ಇಡು, ಮತ್ತ ಹಂಚೂದೈತಿ. ಆದ್ರ ಮುಂದಿನ ಸಲ ಉಂಡಿ ನಾನ ಕಟ್ಟತೇನಿ, ತಮ್ಮಾ. ನೀ ಕಟ್ಟಿದ್ದನ್ನ ಕರಗಸೂ ಔಷಧ ಇನ್ನೂ ಯಾರಿಗೂ ಸಿಕ್ಕಿಲ್ಲ."