ನರ್ಸಮ್ಮನ ಮೊದಲ ಚಮಚ

ಹಿರಿಯೂರಿನಲ್ಲಿ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದ ನರ್ಸಮ್ಮನನ್ನು ನಾನು ನಂಬಲಿಲ್ಲ. ಹಸಿ ಸೌತೆಕಾಯಿ, ಸೊಪ್ಪು ಹೆಚ್ಚಿ, ನೆನೆಸಿದ ಏಪ್ರಿಕಾಟ್ ಅನ್ನೋ ಒಣಹಣ್ಣು ಬೆರೆಸಿ ಸಲಾಡ್ ಅನ್ನುತ್ತಿದ್ದಳು. ಅದೇ ಹಣ್ಣನ್ನು ನಿಂಬೆರಸ, ಕಡ್ಲೆಕಾಯಿ ಎಣ್ಣೆ, ಮೆಣಸಿನ ಜೊತೆ ರುಬ್ಬಿ, ಸೀಸೆಗೆ ತುಂಬಿಟ್ಟು ಸಲಾಡ್ ಮೇಲೆ ಸುರಿಯುತ್ತಿದ್ದಳು. ಗುರುತಿಲ್ಲದವರು ಊಟದಲ್ಲಿ ಮದ್ದು ಹಾಕುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಒಣಗಿಸುತ್ತದೆ ಎಂದು ಕೇಳಿಕೊಂಡೇ ಬೆಳೆದವಳು ನಾನು.

ನಮ್ಮ ಯಜಮಾನ ಜ್ವರ ಬಿಟ್ಟ ಮೇಲೂ ಮುದ್ದೆ ಮುಟ್ಟುತ್ತಿರಲಿಲ್ಲ. ಎದೆಯ ಮೂಳೆ ಎಣಿಸಬಹುದಿತ್ತು. ಅವಳು ಒಂದು ಬಟ್ಟಲು ಸಲಾಡ್ ತಂದಳು.

"ಇದ್ರಾಗೆ ಏನೈತೋ ಯಾರಿಗ್ ಗೊತ್ತು? ಮೊದ್ಲು ನೀನು ತಿನ್ನು," ಅಂದೆ.

"ತಿಂತೀನ್ರಿ ಅಜ್ಜಿ, ಅದಕ್ಕೇನಂತೆ."

ಒಂದು ಚಮಚ ತಿಂದಳು. ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. ನುಂಗಿದವಳು ಬಾಯಿ ತೆರೆದು ನಾಲಿಗೆ ಎತ್ತಿಯೂ ತೋರಿಸಿದಳು.

"ಲೇ, ಎಲ್ಲಾ ಅವ್ಳೇ ಖಾಲಿ ಮಾಡ್ತಾಳೆ, ಇತ್ತ ಕೊಡೇ," ಅಂದ ಯಜಮಾನ. ಬಾಯಿಬಿಟ್ಟು ಊಟ ಕೇಳಿ ಎಷ್ಟೋ ದಿನವಾಗಿತ್ತು.

ಆಮೇಲೆ ದಿನಾ ಬಟ್ಟಲು ಬಂತು. ನಾನು ಹೇಳದೆಯೇ ಅವಳು ಮೊದಲ ಚಮಚ ತಿಂದು ನಾಲಿಗೆ ಎತ್ತುತ್ತಿದ್ದಳು. ಯಜಮಾನ ಮುದ್ದೆಗೆ ಕೈ ಹಾಕಿದ, ಬೀದಿಗೂ ಎದ್ದುಹೋದ. ಮದ್ದು ನಿಧಾನಕ್ಕೆ ಕೆಲಸ ಮಾಡುತ್ತದೆಂದು ನಾನು ಮಾತ್ರ ಕಾಯುತ್ತಲೇ ಇದ್ದೆ.

ಅವಳಿಗೆ ಹೊಸದುರ್ಗಕ್ಕೆ ವರ್ಗವಾಯಿತು. ಹೊರಡುವ ದಿನ, ನೋಡಿ ಕಲಿತಿದ್ದ ಹಾಗೆ ನಾನೇ ಸಲಾಡ್ ಮಾಡಿ, ಏಪ್ರಿಕಾಟ್ ರುಬ್ಬಿ ಸುರಿದು ಒಯ್ದೆ. ಅವಳು ಬಟ್ಟಲು ಮೂಸಿ ನೋಡಿದಳು. ಚಮಚ ನನ್ನ ಕೈಗೇ ಕೊಟ್ಟಳು.

"ಮೊದ್ಲು ನೀವು ತಿನ್ರಿ ಅಜ್ಜಿ."

ತಿಂದೆ. ಬಾಯಿ ತೆರೆದು ನಾಲಿಗೆಯನ್ನೂ ಎತ್ತಿದೆ.